ನೀರಿನ ಧಾರೆ ಹನಿಯಾಗಿ ಒಡೆಯುವುದನ್ನು ಅಳೆಯೋದು ಹೇಗೆ? ಕ್ಯಾಮೆರಾ ಸಾಕಾ, ಲೇಸರ್ ಬೇಕಾ?

ಕೊನೇವರ್ಷ_ಮೆಕ್ಯಾನಿಕಲ್:
ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ನೀರಿನ ಧಾರೆ ಹನಿಯಾಗಿ ಒಡೆಯುವುದನ್ನೇ ಪ್ರಾಜೆಕ್ಟ್‌ಗೆ ತೆಗೆದುಕೊಂಡಿದ್ದೇನೆ. ಸೂಜಿಯ ತುದಿಯಿಂದ ಎಷ್ಟು ದೂರದಲ್ಲಿ ಧಾರೆ ತುಂಡಾಗುತ್ತದೆ, ಹುಟ್ಟುವ ಹನಿಯ ವ್ಯಾಸ ಎಷ್ಟು, ಇವೆರಡನ್ನು ಅಳೆಯಬೇಕು. ಮೇಲೆ ಒಂದು ಬಕೆಟ್, ಅದರಿಂದ ಟ್ಯೂಬ್, ತುದಿಗೆ 21 ಗೇಜಿನ ಇಂಜೆಕ್ಷನ್ ಸೂಜಿ. ಸೂಜಿಯ ಚೂಪು ತುದಿಯನ್ನು ಉಜ್ಜಿ ಸಪಾಟು ಮಾಡಿದ್ದೇನೆ. ಧಾರೆಯ ವೇಗ ಸೆಕೆಂಡಿಗೆ ಸುಮಾರು 2 ಮೀಟರ್, ಅಳತೆ ಜಾಡಿಯಲ್ಲಿ ನೀರು ಹಿಡಿದು ಲೆಕ್ಕ ಹಾಕಿದ್ದು. ಮೊಬೈಲಿನ ಸ್ಲೋಮೋಷನ್‌ನಲ್ಲಿ, 240 ಫ್ರೇಮ್ ಇಟ್ಟು ತೆಗೆದರೂ ಹನಿಗಳ ಬದಲು ಉದ್ದುದ್ದ ಗೆರೆಗಳೇ ಬರುತ್ತವೆ. ಹೈಸ್ಪೀಡ್ ಕ್ಯಾಮೆರಾ ಇಲ್ಲದೆ ಆಗಲ್ಲ ಅಂತ ಗೆಳೆಯರು ಹೇಳುತ್ತಿದ್ದಾರೆ. ಅದರ ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ. ಬೇರೆ ದಾರಿ ಇದೆಯಾ?

ಹನಿ_ಕೆಲಸ:
ಇದೆ, ಚೆನ್ನಾಗಿಯೇ ಇದೆ. ಸ್ಪ್ರೇ ಅಳೆಯುವ ಕೆಲಸದಲ್ಲೇ ಇರುವವನು ನಾನು. ನಿಮಗೆ ಬೇಕಾಗಿರುವುದು ಜಾಸ್ತಿ ಫ್ರೇಮ್ ಅಲ್ಲ, ಚಿಕ್ಕ ಬೆಳಕು.

ಲೆಕ್ಕ ನೋಡಿ. ಮೊಬೈಲಿನ ಶಟರ್ ಒಂದು ಮಿಲಿಸೆಕೆಂಡ್ ತೆರೆದಿತ್ತು ಅಂದುಕೊಳ್ಳಿ. ಸೆಕೆಂಡಿಗೆ 2 ಮೀಟರ್ ಓಡುವ ಹನಿ ಅಷ್ಟರಲ್ಲಿ 2 ಮಿ.ಮೀ. ಹೋಗಿರುತ್ತದೆ. ನಿಮ್ಮ ಸೂಜಿಯ ಒಳವ್ಯಾಸ ಸುಮಾರು 0.51 ಮಿ.ಮೀ., ಅದರಿಂದ ಹುಟ್ಟುವ ಹನಿ ಹೆಚ್ಚುಕಡಿಮೆ 0.95 ಮಿ.ಮೀ. ಇರಬೇಕು. ಹನಿಗಿಂತ ಎರಡು ಪಟ್ಟು ಉದ್ದ ಅದು ಸರಿದರೆ ಗೆರೆ ಬರದೆ ಇನ್ನೇನು ಬರುತ್ತದೆ? ಅದೇ ಬೆಳಕು 10 ಮೈಕ್ರೋಸೆಕೆಂಡ್ ಮಾತ್ರ ಹೊತ್ತಿದ್ದರೆ ಹನಿ ಸರಿಯುವುದು 20 ಮೈಕ್ರಾನ್ (0.02 ಮಿ.ಮೀ.), ಅಂದರೆ ಅದರ ವ್ಯಾಸದ ಶೇ. 2ರಷ್ಟು. ಚಿತ್ರ ನಿಂತುಬಿಡುತ್ತದೆ.

ಹಾಗಾಗಿ ಕೋಣೆ ಕತ್ತಲು ಮಾಡಿ. ಧಾರೆಯ ಹಿಂದೆ ಬಟರ್ ಪೇಪರ್, ಅದರ ಹಿಂದೆ ಒಂದು ಪವರ್ ಎಲ್‌ಇಡಿ. ಆರ್ಡುಯಿನೋ ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡಿನಿಂದ, ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಒಂದು ಮಾಸ್‌ಫೆಟ್ ಮೂಲಕ ಅದಕ್ಕೆ 10 ಮೈಕ್ರೋಸೆಕೆಂಡಿನ ಒಂದೇ ಮಿಂಚು ಕೊಡಿ. ಕ್ಯಾಮೆರಾ ಶಟರ್ ಅರ್ಧ ಸೆಕೆಂಡ್ ತೆರೆದೇ ಇರಲಿ. ಕತ್ತಲಲ್ಲಿ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಬೆಳಕು ಬಂದ ಆ ಒಂದು ಗಳಿಗೆ ಮಾತ್ರ ಕಾಣುತ್ತದೆ.

ಮೊಬೈಲ್ ಆದರೆ ಒಂದು ವಿಷಯ ನೆನಪಿಡಿ. ಅದು ಚಿತ್ರದ ಸಾಲುಗಳನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ತೆರೆಯುತ್ತದೆ. ಶಟರ್ ಸಮಯ ಕಡಿಮೆ ಇಟ್ಟರೆ ಮಿಂಚು ಬಂದಾಗ ತೆರೆದಿದ್ದ ಸಾಲುಗಳಲ್ಲಷ್ಟೇ ಚಿತ್ರ ಬರುತ್ತದೆ, ಉಳಿದದ್ದು ಕಪ್ಪು. ಶಟರ್ ಉದ್ದ ಇದ್ದರೆ ಎಲ್ಲ ಸಾಲುಗಳೂ ಒಟ್ಟಿಗೆ ತೆರೆದಿರುವ ಹೊತ್ತು ಸಿಗುತ್ತದೆ. ಮಿಂಚು ಆಗ ಬೀಳಬೇಕು.

ಫ್ಲ್ಯಾಶ್_ಫೋಟೋ:
ಆರ್ಡುಯಿನೋ ಇಲ್ಲದವರಿಗೆ ಇನ್ನೊಂದು ದಾರಿ. ಮದುವೆ ಫೋಟೋ ತೆಗೆಯುವವರ ಹತ್ತಿರ ಇರುವ ಸ್ಪೀಡ್‌ಲೈಟ್ ಫ್ಲ್ಯಾಶನ್ನು ತೀರಾ ಕಡಿಮೆ ಪವರ್‌ಗೆ, 1/128ಕ್ಕೆ ಇಡಿ. ಆಗ ಅದು ಉರಿಯುವುದೇ ಸುಮಾರು 30 ಮೈಕ್ರೋಸೆಕೆಂಡ್ ಆಸುಪಾಸು. ಪವರ್ ಏರಿಸಿದಷ್ಟೂ ಹೊತ್ತು ಜಾಸ್ತಿ ಉರಿಯುತ್ತದೆ. ತುಂಬಾ ಜನ ಇದನ್ನು ಗಮನಿಸುವುದಿಲ್ಲ. ಬೆಳಕು ಸಾಲದು ಅಂತ ಪವರ್ ಏರಿಸುತ್ತಾರೆ, ಹನಿ ಮಸುಕಾಗುತ್ತದೆ. ಬೆಳಕು ಸಾಲದಿದ್ದರೆ ಫ್ಲ್ಯಾಶನ್ನೇ ಹತ್ತಿರ ತನ್ನಿ, ಇಲ್ಲವೇ ಕ್ಯಾಮೆರಾದ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಏರಿಸಿ.

ಹನಿ_ಕೆಲಸ:
ನೋಡುವುದಕ್ಕೆ ಇದು ಸಾಕು. ಅಳೆಯುವುದಕ್ಕೆ ಎಲ್‌ಇಡಿ ವಾಸಿ. ಸ್ಪೀಡ್‌ಲೈಟಿನ ಬೆಳಕು ತಟ್ಟನೆ ಏರುತ್ತದೆ, ಆದರೆ ನಿಧಾನ ಇಳಿಯುತ್ತದೆ. ಅದರಿಂದ ಹನಿಯ ಒಂದು ಅಂಚು ಚೂಪಾಗಿ, ಎದುರಿನ ಅಂಚು ಸ್ವಲ್ಪ ಕರಗಿದ ಹಾಗೆ ಬರುತ್ತದೆ. ವ್ಯಾಸ ಎಲ್ಲಿಂದ ಎಲ್ಲಿಗೆ ಅನ್ನುವುದೇ ಗೊಂದಲ. ಧಾರೆಗೆ ಅಡ್ಡಲಾಗಿ ಅಳೆದರೆ ಈ ತೊಂದರೆ ಕಡಿಮೆ.

ಕೊನೇವರ್ಷ_ಮೆಕ್ಯಾನಿಕಲ್:
ತುಂಬಾ ಥ್ಯಾಂಕ್ಸ್ ಸರ್. ಎಲ್‌ಇಡಿ ಮಾಡಿಕೊಂಡೆ, ಹನಿಗಳು ಸ್ಪಷ್ಟವಾಗಿ ಬರುತ್ತಿವೆ. ಈಗ ಎರಡು ಅನುಮಾನ. ಒಂದು, ಪ್ರತಿ ಫೋಟೋದಲ್ಲೂ ಧಾರೆ ಬೇರೆ ಬೇರೆ ಜಾಗದಲ್ಲಿ ತುಂಡಾಗಿದೆ. ಒಮ್ಮೆ ಎರಡೂವರೆ ಸೆಂ.ಮೀ., ಒಮ್ಮೆ ನಾಲ್ಕು. ಎರಡು, ಹನಿಯ ನಡುವೆ ಬಿಳಿ ಚುಕ್ಕೆ, ಸುತ್ತ ಕಪ್ಪು ಉಂಗುರ. ಇದು ಫೋಕಸ್ ತಪ್ಪಿದ್ದಕ್ಕಾ?

ಹನಿ_ಕೆಲಸ:
ಬಿಳಿ ಚುಕ್ಕೆ ಇರಲೇಬೇಕು. ಹನಿ ಅಂದರೆ ಒಂದು ಲೆನ್ಸ್. ಹಿಂದಿನ ಬೆಳಕನ್ನು ನಡುವೆ ಕೂಡಿಸುತ್ತದೆ, ಅಂಚಿಗೆ ಬಿದ್ದದ್ದನ್ನು ಅತ್ತ ಬಾಗಿಸಿ ಕಳಿಸಿಬಿಡುತ್ತದೆ. ಅದಕ್ಕೇ ಅಂಚು ಕಪ್ಪು. ಕಪ್ಪು ಅಂಚು ಎಷ್ಟು ಚೂಪಾಗಿದೆ ಅನ್ನುವುದೇ ನಿಮ್ಮ ಫೋಕಸ್ಸಿನ ಪರೀಕ್ಷೆ. ಹಿನ್ನೆಲೆಯ ಬಿಳುಪಿನಿಂದ ಕಪ್ಪಿಗೆ ಇಳಿಯಲು ಎರಡು ಮೂರು ಪಿಕ್ಸೆಲ್ ತೆಗೆದುಕೊಂಡರೆ ಹನಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಹತ್ತು ಪಿಕ್ಸೆಲ್ ತೆಗೆದುಕೊಂಡರೆ ಬಿಟ್ಟುಬಿಡಿ. ಬಿಳುಪು ಮತ್ತು ಕಪ್ಪಿನ ನಡುವಿನ ಅರ್ಧದ ಮಟ್ಟವನ್ನೇ ಅಂಚು ಅಂತ ಹಿಡಿಯಿರಿ, ಎಲ್ಲ ಚಿತ್ರಗಳಿಗೂ ಅದೇ ನಿಯಮ. ಕಣ್ಣಳತೆಯಲ್ಲಿ ಒಂದೊಂದಕ್ಕೆ ಒಂದೊಂದು ಬೇಡ.

ಒಡೆಯುವ ಜಾಗ ಬದಲಾಗುವುದೂ ಸಹಜ. ಧಾರೆಯನ್ನು ಒಡೆಯುವುದು ಮೇಲ್ಮೈ ಸೆಳೆತ. ಎಲ್ಲಿಂದಲೋ ಬಂದ ಸಣ್ಣ ಅದುರು ಬೆಳೆದು ಬೆಳೆದು, ಧಾರೆ ಅಲ್ಲಲ್ಲಿ ಸಣ್ಣಗಾಗಿ ಕುತ್ತಿಗೆಯಾಗುತ್ತದೆ. ಆ ಅದುರು ಫ್ಯಾನಿಂದ ಬಂದಿರಬಹುದು, ನೀವು ನಡೆದಾಡಿದ್ದರಿಂದಲೂ ಬಂದಿರಬಹುದು. ಪ್ರತಿ ಸಲ ಅದರ ಗಾತ್ರ ಬೇರೆ, ಹಾಗಾಗಿ ಒಡೆಯುವ ಜಾಗವೂ ಬೇರೆ. ಇದಕ್ಕೆ ಮದ್ದು, ನೀವೇ ಒಂದು ಅದುರು ಕೊಡುವುದು. ಸಣ್ಣ ಸ್ಪೀಕರ್ ಒಂದನ್ನು ಸೂಜಿಯ ಹಿಡಿಕೆಗೆ ತಾಗಿಸಿ, ಮೊಬೈಲಿನ ಟೋನ್ ಆ್ಯಪ್‌ನಿಂದ ಸ್ವರ ಕೊಡಿ.

ಯಾವ ಸ್ವರ? ಭೌತವಿಜ್ಞಾನಿ ಪ್ಲಾಟೋ ತೋರಿಸಿದ ಹಾಗೆ ಧಾರೆಯ ಸುತ್ತಳತೆಗಿಂತ ಉದ್ದದ ಅಲೆಗಳು ಮಾತ್ರ ಬೆಳೆಯುತ್ತವೆ. ಎಲ್ಲಕ್ಕಿಂತ ಬೇಗ ಬೆಳೆಯುವ ಅಲೆ ವ್ಯಾಸದ ಸುಮಾರು 4.5 ಪಟ್ಟು ಉದ್ದದ್ದು ಅಂತ 1878ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರೇಲಿ ಲೆಕ್ಕ ಹಾಕಿದರು. ಧಾರೆ ಅರ್ಧ ಮಿ.ಮೀ. ಅಂತ ಹಿಡಿದರೆ ಅಲೆ 2.25 ಮಿ.ಮೀ. ವೇಗವನ್ನು ಅದರಿಂದ ಭಾಗಿಸಿದರೆ ಸುಮಾರು 890 ಹರ್ಟ್ಜ್. 1270ರ ಮೇಲೆ ಹೋದರೆ ಧಾರೆ ನಿಮ್ಮ ಮಾತು ಕೇಳುವುದಿಲ್ಲ.

ಈಗ ಎಲ್‌ಇಡಿಯನ್ನೂ ಅದೇ 890ಕ್ಕೆ ಮಿಂಚಿಸಿ. ಬರಿಗಣ್ಣಿಗೇ ಹನಿಗಳ ಸಾಲು ಗಾಳಿಯಲ್ಲಿ ನಿಂತಿರುವುದು ಕಾಣುತ್ತದೆ. ಎಲ್‌ಇಡಿಯನ್ನು 889 ಮಾಡಿ, ಸಾಲು ಮೆಲ್ಲಗೆ ಕೆಳಕ್ಕೆ ಇಳಿಯುತ್ತದೆ. ಧಾರೆ ಉಬ್ಬುವುದು, ಕುತ್ತಿಗೆ ಸಣ್ಣಗಾಗುವುದು, ಹರಿದು ತುಂಡಾಗುವುದು, ಎರಡು ಹನಿಗಳ ನಡುವೆ ಒಂದು ಪುಟಾಣಿ ಹನಿ ಉಳಿಯುವುದು, ಎಲ್ಲವನ್ನೂ ಕೂತು ನೋಡಬಹುದು. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ಬಂದಿಲ್ಲ.

ಪ್ರಶ್ನೆಗಾರ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. 1878ರಲ್ಲಿ ಎಲ್‌ಇಡಿ ಇರಲಿಲ್ಲ, ಫ್ಲ್ಯಾಶ್ ಇರಲಿಲ್ಲ. ಆಗಿನವರು ಹನಿಗಳನ್ನು ಹೇಗೆ ನೋಡಿದರು?

ಹನಿ_ಕೆಲಸ:
ಒಳ್ಳೇ ಪ್ರಶ್ನೆ. ರೇಲಿಗಿಂತ ಮುಂಚೆಯೇ, 1833ರಲ್ಲಿ, ಫ್ರಾನ್ಸಿನ ಫೆಲಿಕ್ಸ್ ಸಾವಾರ್ ಇದನ್ನು ನೋಡಿಬಿಟ್ಟಿದ್ದರು. ಕಪ್ಪು ಬಿಳಿ ಪಟ್ಟಿಗಳಿದ್ದ ಬೆಲ್ಟನ್ನು ಓಡಿಸಿ, ಅದರ ಎದುರು ಧಾರೆಯನ್ನು ನೋಡಿದರು. ಪಟ್ಟಿಗಳು ಸರಿಯುವ ಲಯಕ್ಕೆ ಹನಿಗಳು ನಿಂತ ಹಾಗೆ ಕಂಡವು. ಈಗಿನ ಸ್ಟ್ರೋಬ್, ಅಂದರೆ ಲಯಕ್ಕೆ ತಕ್ಕ ಹಾಗೆ ಮಿಂಚುವ ದೀಪ, ಮಾಡುವ ಕೆಲಸವೇ ಅದು. ತಂತಿ ವಾದ್ಯದ ಸ್ವರ ಕೊಟ್ಟರೆ ಧಾರೆ ಒಡೆಯುವ ಜಾಗ ಬದಲಾಗುತ್ತದೆ ಅನ್ನುವುದನ್ನೂ ಅವರು ಗಮನಿಸಿದರು. ಅವರು ಬರೆದ ಚಿತ್ರದಲ್ಲಿ ದೊಡ್ಡ ಹನಿಗಳ ನಡುವಿನ ಸಣ್ಣ ಹನಿಗಳೂ ಇವೆ. ರೇಲಿಯ ಸಿದ್ಧಾಂತದಲ್ಲಿ ಆ ಸಣ್ಣ ಹನಿಗಳು ಬರುವುದೇ ಇಲ್ಲ, ಯಾಕೆಂದರೆ ಅದು ಅಲೆ ಸಣ್ಣದಿರುವಾಗಿನ ಲೆಕ್ಕ. ಕೊನೆಗೆ ಕುತ್ತಿಗೆ ನಡುವೆ ಹರಿಯುವುದಿಲ್ಲ, ಎರಡೂ ತುದಿಗಳಲ್ಲಿ ಹನಿಗೆ ಅಂಟಿಕೊಂಡಲ್ಲಿ ಹರಿದು ತುಂಡಾಗುತ್ತದೆ. ನಡುವೆ ಉಳಿದ ಎಳೆಯೇ ಸಣ್ಣ ಹನಿ. ಆಮೇಲೆ ರೇಲಿ ವಿದ್ಯುತ್ ಕಿಡಿಯ ಬೆಳಕಲ್ಲಿ ಧಾರೆಗಳ ಫೋಟೋವನ್ನೂ ತೆಗೆದರು.

ಇನ್ನು ಪ್ಲಾಟೋ. ಬೆಲ್ಜಿಯಂನವರು. ಅವರ ದೊಡ್ಡ ಗ್ರಂಥ ಬಂದದ್ದು 1873ರಲ್ಲಿ, ಅಷ್ಟು ಹೊತ್ತಿಗೆ ಅವರಿಗೆ ಕಣ್ಣು ಹೋಗಿ ದಶಕಗಳೇ ಕಳೆದಿದ್ದವು. ಬೇರೆಯವರ ಕಣ್ಣಿಂದ ನೋಡಿಸಿ, ಕೇಳಿಸಿಕೊಂಡು, ಇಷ್ಟನ್ನು ಬರೆದರು. ನನಗೆ ಆ ಮನುಷ್ಯನ ಮೇಲೆ ಬಹಳ ಗೌರವ.

ಪೀಣ್ಯ_ಕೋಡಿಂಗ್_ಸರ್ವಿಸ್:
ಈ ಥ್ರೆಡ್ ನೋಡಿ ಖುಷಿಯಾಯಿತು. ನೀರಿನ ಬಾಟಲಿ, ಬಿಸ್ಕತ್ ಪ್ಯಾಕೆಟ್ ಮೇಲೆ ತಾರೀಕು ಹೊಡೆಯುವ ಇಂಕ್‌ಜೆಟ್ ಮಷೀನುಗಳ ಸರ್ವಿಸ್ ನನ್ನ ಕೆಲಸ. ಈ ಸ್ಟ್ರೋಬನ್ನು ನಾವು ದಿನಾ ನೋಡುತ್ತೇವೆ. ನಾಝಲ್ 60 ಮೈಕ್ರಾನ್ ಆಸುಪಾಸು, ಇಂಕಿನ ವೇಗ ಸೆಕೆಂಡಿಗೆ 20 ಮೀಟರ್, ಪೀಝೋ (ವಿದ್ಯುತ್ ಕೊಟ್ಟರೆ ಅದುರುವ ಹರಳು) ಅದನ್ನು 60–70 ಕಿಲೋಹರ್ಟ್ಜ್‌ಗೆ ಅದುರಿಸುತ್ತದೆ. ಅದೇ ಲಯಕ್ಕೆ ಎಲ್‌ಇಡಿ ಮಿಂಚುತ್ತದೆ. ಚಿಕ್ಕ ಲೆನ್ಸ್ ಇಟ್ಟು ನೋಡಿದರೆ ಹನಿ ಎಲ್ಲಿ ಬಿಡುತ್ತದೆ ಅಂತ ಕಾಣುತ್ತದೆ.

ನಮಗೆ ಆ ಜಾಗ ಯಾಕೆ ಮುಖ್ಯ ಅಂದರೆ, ಹನಿ ಧಾರೆಯಿಂದ ಬಿಡುವ ಕ್ಷಣದಲ್ಲಿ ಚಾರ್ಜ್ ಎಲೆಕ್ಟ್ರೋಡಿನ ಒಳಗೇ ಇರಬೇಕು. ಆಗ ಕೊಟ್ಟ ವೋಲ್ಟೇಜಿಗೆ ತಕ್ಕ ಚಾರ್ಜ್ ಅದರಲ್ಲಿ ಉಳಿಯುತ್ತದೆ. ಮುಂದೆ ಪ್ಲೇಟುಗಳು ಅದನ್ನು ಬಾಗಿಸಿ ಅಕ್ಷರ ಬರೆಯುತ್ತವೆ. ಮುಂಚೆಯೇ ಬಿಟ್ಟರೆ ಅಥವಾ ತಡವಾಗಿ ಬಿಟ್ಟರೆ ಅಕ್ಷರ ಚದುರುತ್ತದೆ. ಸಣ್ಣ ಹನಿಗಳೂ ತಲೆನೋವು. ಹಿಂದಿನ ಅಥವಾ ಮುಂದಿನ ದೊಡ್ಡ ಹನಿಗೆ ಬೇಗ ಸೇರಿಕೊಂಡರೆ ಸರಿ. ಸೇರದಿದ್ದರೆ ಪ್ಲೇಟಿನ ಮೇಲೆ ಹೋಗಿ ಕೂರುತ್ತವೆ. ಪೀಝೋ ವೋಲ್ಟೇಜ್ ಏರಿಸಿ ಇಳಿಸಿ ಅದನ್ನೇ ಸರಿಮಾಡುವುದು.

ನನ್ನ ಪ್ರಶ್ನೆ. ಕೆಲವು ಸಲ ಸ್ಟ್ರೋಬಿನಲ್ಲಿ ಹನಿಗಳು ಬಹಳ ಚೆನ್ನಾಗಿ ಕಾಣುತ್ತವೆ, ಆದರೆ ಪ್ರಿಂಟ್ ಮಾತ್ರ ಆಗಾಗ ಕೆಡುತ್ತದೆ. ಯಾಕೆ?

ಹನಿ_ಕೆಲಸ:
ಈ ಪ್ರಶ್ನೆ ಎಲ್ಲರೂ ಓದಲಿ ಅಂತ ನನ್ನ ಆಸೆ. ಸ್ಟ್ರೋಬಿನಲ್ಲಿ ನೀವು ನೋಡುತ್ತಿರುವುದು ಒಂದು ಹನಿಯನ್ನಲ್ಲ. ನಿಮ್ಮ ಕಣ್ಣು ಅಥವಾ ಕ್ಯಾಮೆರಾ ಒಂದು ಚಿತ್ರ ಮಾಡಿಕೊಳ್ಳುವಷ್ಟರಲ್ಲಿ ಸಾವಿರಾರು ಹನಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. 70 ಕಿಲೋಹರ್ಟ್ಜ್, ಚಿತ್ರಕ್ಕೆ ಸೆಕೆಂಡಿನ 25ನೇ ಒಂದು ಭಾಗ ಅಂದರೂ 2800 ಹನಿಗಳು. ಅವುಗಳಲ್ಲಿ ಹತ್ತು ಹನಿ ದಾರಿ ತಪ್ಪಿದ್ದರೆ ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ, ಆದರೆ ಆ ಹತ್ತು ಹನಿ ಬಾಟಲಿಯ ಮೇಲೆ ಹೋಗಿ ಕೂತಿರುತ್ತವೆ. ಆಗಾಗ ಕೆಡುವ ತೊಂದರೆ ಹುಡುಕಬೇಕಾದರೆ ಒಂದೇ ಮಿಂಚಿನ ಚಿತ್ರಗಳು ಬೇಕು. ನೂರಾರು ತೆಗೆದು ಒಂದೊಂದರಲ್ಲೂ ಒಡೆಯುವ ಜಾಗ ಎಷ್ಟು ಸರಿದಿದೆ ನೋಡಬೇಕು.

ಆದರೆ ಅಲ್ಲಿ ಮಿಂಚು ಇನ್ನೂ ಚಿಕ್ಕದಾಗಬೇಕು. ಸೆಕೆಂಡಿಗೆ 20 ಮೀಟರ್ ಓಡುವ ಹನಿಗೆ ಒಂದು ಮೈಕ್ರೋಸೆಕೆಂಡ್ ಕೂಡ ಜಾಸ್ತಿ, ಅಷ್ಟರಲ್ಲೇ 20 ಮೈಕ್ರಾನ್ ಸರಿದುಬಿಡುತ್ತದೆ. ಒಂದೇ ಮಿಂಚಿನಲ್ಲಿ, ಅಷ್ಟು ಕಡಿಮೆ ಹೊತ್ತಿನಲ್ಲಿ ಸಾಕಷ್ಟು ಬೆಳಕು ಕೊಡುವುದು ಎಲ್‌ಇಡಿಗೆ ಕಷ್ಟ. ಲೇಸರ್ ಬಳಸಿದರೆ ಚಿತ್ರದ ತುಂಬಾ ಕಾಳುಕಾಳು ಚುಕ್ಕೆಗಳು. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಇದಕ್ಕೆ ಒಳ್ಳೆಯ ಉಪಾಯ ಮಾಡಿದರು. ಲೇಸರನ್ನು ನೇರ ಹನಿಯ ಮೇಲೆ ಬಿಡದೆ, ಹೊಳೆಯುವ ಬಣ್ಣ ಹಚ್ಚಿದ ಒಂದು ಫಲಕದ ಮೇಲೆ ಬಿಟ್ಟು, ಆ ಫಲಕದ ಹೊಳಪನ್ನು ಹಿಂಬೆಳಕು ಮಾಡಿಕೊಂಡರು. ಮಿಂಚು ಸುಮಾರು 8 ನ್ಯಾನೋಸೆಕೆಂಡ್. ಕಾಳುಗಳಿಲ್ಲ, ಮಸುಕೂ ಇಲ್ಲ.

ಕೊನೇವರ್ಷ_ಮೆಕ್ಯಾನಿಕಲ್:
ಸರ್, ನಮ್ಮ ಗೈಡ್ ಒಂದು ಆಕ್ಷೇಪ ಎತ್ತಿದ್ದಾರೆ. ಕುತ್ತಿಗೆ ಹರಿಯುವ ಕ್ಷಣವನ್ನೇ ಹಿಡಿಯದೆ ಒಡೆಯುವ ದೂರ ಅಂತ ಹೇಗೆ ಹೇಳುತ್ತೀರಿ, ಅದಕ್ಕೆ ಸೆಕೆಂಡಿಗೆ ಹತ್ತು ಲಕ್ಷ ಫ್ರೇಮ್ ಬೇಕಲ್ವಾ ಅಂತ. ಇನ್ನೊಂದು, ನನ್ನ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ 10 ಮೈಕ್ರಾನ್. ಈ ಅಳತೆಯನ್ನು ನಂಬಬಹುದಾ?

ಹನಿ_ಕೆಲಸ:
ಗೈಡ್ ಕೇಳಿದ್ದು ಸರಿಯಾದ ಪ್ರಶ್ನೆ. ಲೆಕ್ಕ ಹಾಕಿ ತೋರಿಸಿ, ಒಪ್ಪುತ್ತಾರೆ. ನೀರಿನ ಕುತ್ತಿಗೆ ಹರಿಯುವ ಮುಂಚೆ ಅದರ ದಪ್ಪ, ಉಳಿದ ಸಮಯದ ಮೂರನೇ ಎರಡು ಘಾತದಂತೆ ಇಳಿಯುತ್ತದೆ. ಹರಿಯಲು ಒಂದು ಮೈಕ್ರೋಸೆಕೆಂಡ್ ಇರುವಾಗ ಕುತ್ತಿಗೆಯ ತ್ರಿಜ್ಯ ಸುಮಾರು 3 ಮೈಕ್ರಾನ್. ನಿಮ್ಮ ಒಂದು ಪಿಕ್ಸೆಲಿಗೆ, ಅಂದರೆ 10 ಮೈಕ್ರಾನ್ ದಪ್ಪಕ್ಕೆ, ಕುತ್ತಿಗೆ ಬಂದಾಗ ಹರಿಯಲು ಉಳಿದಿರುವುದು ಎರಡು ಮೈಕ್ರೋಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಧಾರೆ ಸರಿಯುವುದು 5 ಮೈಕ್ರಾನಿಗೂ ಕಡಿಮೆ. ನೀವು ಅಳೆಯುತ್ತಿರುವುದು 3 ಸೆಂ.ಮೀ. ದೂರ. ಆ 5 ಮೈಕ್ರಾನ್ ಎಲ್ಲಿ ಲೆಕ್ಕಕ್ಕೆ ಬರುತ್ತದೆ? ಕುತ್ತಿಗೆ ಹರಿಯುವ ರೀತಿಯನ್ನೇ ಓದುವವರಿಗೆ ಆ ಕ್ಯಾಮೆರಾ ಬೇಕು. ನಿಮಗೆ ಬೇಡ.

ಅಳತೆಯ ನಂಬಿಕೆಗೆ ಎರಡು ಕೆಲಸ ಮಾಡಿ. ಸೂಜಿಯ ತುದಿ ಚಿತ್ರದಲ್ಲಿ ಬರುವ ಹಾಗೆ ಇಡಿ. 21 ಗೇಜಿನ ಹೊರವ್ಯಾಸ ಸುಮಾರು 0.82 ಮಿ.ಮೀ., ಆದರೂ ಮೈಕ್ರೋಮೀಟರಿನಲ್ಲಿ ನೀವೇ ಒಮ್ಮೆ ಅಳೆಯಿರಿ. ಅದೇ ನಿಮ್ಮ ಸ್ಕೇಲು, ಅದು ಧಾರೆಯ ಫೋಕಸ್ಸಿನಲ್ಲೇ ಇರುತ್ತದೆ.

ಎರಡನೆಯದು ನನಗೆ ಬಹಳ ಇಷ್ಟ. ಸ್ಪೀಕರ್ ಹಾಕಿದಾಗ ಸೆಕೆಂಡಿಗೆ ಎಷ್ಟು ಹನಿ ಹುಟ್ಟುತ್ತವೆ ಅಂತ ನಿಮಗೆ ಗೊತ್ತೇ ಇದೆ, 890. ಒಂದು ನಿಮಿಷ ನೀರು ಹಿಡಿದು ತೂಕ ಮಾಡಿ. ನಿಮ್ಮ ವೇಗಕ್ಕೆ ಸುಮಾರು 23–24 ಗ್ರಾಂ ಬರಬೇಕು. ಅದನ್ನು ಒಟ್ಟು ಹನಿಗಳಿಂದ ಭಾಗಿಸಿದರೆ ಒಂದು ಹನಿ 0.44 ಘನ ಮಿ.ಮೀ. ವ್ಯಾಸ ಸುಮಾರು 0.945 ಮಿ.ಮೀ. ಕ್ಯಾಮೆರಾ ಇಲ್ಲದೆ, ತಕ್ಕಡಿಯಿಂದ ಬಂದ ವ್ಯಾಸ ಇದು! ಚಿತ್ರದ ವ್ಯಾಸ ಇದರ ಹತ್ತಿರ ಬಂದರೆ ನಿಮ್ಮ ಅಂಚಿನ ನಿಯಮ ಸರಿ ಇದೆ. ಬರದಿದ್ದರೆ ಮೊದಲು ಅಂಚನ್ನು ಅನುಮಾನಿಸಿ. ಒಂದು ಎಚ್ಚರ, ವ್ಯಾಸದಲ್ಲಿ ಶೇ. 2 ತಪ್ಪಿದರೆ ಘನಗಾತ್ರದಲ್ಲಿ ಶೇ. 6 ತಪ್ಪುತ್ತದೆ. ಬಿಟ್ಟ ತಕ್ಷಣ ಹನಿ ಉದ್ದಕ್ಕೂ ಅಗಲಕ್ಕೂ ತೊನೆಯುತ್ತಿರುತ್ತದೆ, ಹಾಗಾಗಿ ಸ್ವಲ್ಪ ಕೆಳಗೆ, ದುಂಡಗಾದ ಮೇಲೆ ಅಳೆಯಿರಿ.

ಅಡಿಕೆತೋಟ_ಶೃಂಗೇರಿ:
ನಾನು ಇಂಜಿನಿಯರ್ ಅಲ್ಲ, ಅಡಿಕೆ ಬೆಳೆಗಾರ. ಆದರೂ ಪೂರ್ತಿ ಓದಿದೆ. ಕೊಳೆ ರೋಗಕ್ಕೆ ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತ, ಸುಣ್ಣದ ಬೆಲೆ, ಮರ ಹತ್ತುವ ಕೊನೆಗಾರರ ಕೂಲಿ ಎಲ್ಲ ಸೇರಿದರೆ ಒಂದು ಹನಿ ವ್ಯರ್ಥವಾದರೂ ಹೊಟ್ಟೆ ಉರಿಯುತ್ತದೆ. ಈಗ ಡ್ರೋನ್ ಬೇರೆ ಬಂದಿದೆ. ನಾಝಲ್ ಮಾರುವವರು ಇದು ಸಣ್ಣ ಹನಿ, ಅದು ದೊಡ್ಡ ಹನಿ ಅನ್ನುತ್ತಾರೆ. ನಾವು ತೋಟದಲ್ಲೇ ಅಳೆಯುವುದಕ್ಕೆ ಆಗುತ್ತಾ?

ಹನಿ_ಕೆಲಸ:
ಆಗುತ್ತದೆ ಅಣ್ಣಾ. ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದ ಬರುತ್ತದೆ. ಗೊನೆಯ ಹತ್ತಿರ, ಎಲೆಯ ಕೆಳಗೆ, ಪಕ್ಕದ ಮರದಲ್ಲಿ ಕ್ಲಿಪ್ ಹಾಕಿ ಸಿಕ್ಕಿಸಿ. ಹೊಡೆದ ಮೇಲೆ ಮೊಬೈಲಿನಲ್ಲಿ ನೇರವಾಗಿ ಫೋಟೋ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಚುಕ್ಕೆಗಳನ್ನು ಅಳೆಯಬಹುದು. ಆದರೆ ಚುಕ್ಕೆ ಹನಿಯಷ್ಟೇ ಇರುವುದಿಲ್ಲ. ನೀರು ಹರಡಿಕೊಂಡು ಸುಮಾರು ಎರಡು ಪಟ್ಟು ಅಗಲವಾಗಿರುತ್ತದೆ. ತೀರಾ ಸಣ್ಣ ಹನಿಗಳು ಗುರುತೇ ಬಿಡುವುದಿಲ್ಲ, ಗಾಳಿಯಲ್ಲಿ ತೇಲಿ ಹೋಗುವುದು ಅವೇ. 100 ಮೈಕ್ರಾನ್ ಹನಿ ಸೆಕೆಂಡಿಗೆ ಕಾಲು ಮೀಟರಿನಷ್ಟು ಮಾತ್ರ ಬೀಳುತ್ತದೆ. 4 ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಹದಿನಾರು ಸೆಕೆಂಡ್. ಅಷ್ಟು ಹೊತ್ತಿನಲ್ಲಿ ಮೆಲ್ಲನೆ ಬೀಸುವ ಗಾಳಿಯೂ ಅದನ್ನು ಪಕ್ಕದ ತೋಟಕ್ಕೆ ಮುಟ್ಟಿಸುತ್ತದೆ.

ನಿಮ್ಮ ಕಡೆ ಇನ್ನೊಂದು ತೊಡಕಿದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಕಾಗದ ಹಾಗೆಯೇ ನೀಲಿಯಾಗುತ್ತದೆ. ಮಳೆಗಾಲದ ಶೃಂಗೇರಿಯಲ್ಲಿ ಅದು ಬಹಳ ಹೊತ್ತು ತಾಳುವುದಿಲ್ಲ. ಹೊಡೆಯುವ ಸ್ವಲ್ಪ ಮುಂಚೆ ಸಿಕ್ಕಿಸಿ, ಆದ ತಕ್ಷಣ ತೆಗೆದು ಒಣ ಡಬ್ಬಿಗೆ ಹಾಕಿ.

ಬಣ್ಣದ ವಿಷಯ ಒಂದು. ನಾಝಲಿನ ಬಣ್ಣ ಹೇಳುವುದು ನಿಮಿಷಕ್ಕೆ ಎಷ್ಟು ನೀರು ಹೋಗುತ್ತದೆ ಅಂತ. ಹನಿಯ ಗಾತ್ರದ ವರ್ಗಕ್ಕೆ ಬೇರೆಯೇ ಬಣ್ಣಗಳಿವೆ. ಅದು ಕಂಪನಿ ಕೊಡುವ ಪಟ್ಟಿಯಲ್ಲಿರುತ್ತದೆ. ಹಳದಿ ನಾಝಲ್ ಕೊಂಡ ಮಾತ್ರಕ್ಕೆ ಹಳದಿ ವರ್ಗದ ಮಧ್ಯಮ ಹನಿ ಬರುತ್ತದೆ ಅಂತಲ್ಲ. ಒತ್ತಡ ಏರಿಸಿದರೆ ಅದೇ ನಾಝಲಿನಿಂದ ಸಣ್ಣ ಹನಿ ಬರುತ್ತದೆ.

ಅಡಿಕೆತೋಟ_ಶೃಂಗೇರಿ:
ಬಣ್ಣದ ವಿಷಯ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಉಪಕಾರವಾಯಿತು. ಈ ಕಂಪನಿಯವರು ಪಟ್ಟಿ ಮಾಡುವಾಗ ಹೇಗೆ ಅಳೆಯುತ್ತಾರೆ?

ಹೊರದೇಶದ_ಕನ್ನಡತಿ:
ಇದಕ್ಕೆ ನಾನು ಉತ್ತರಿಸುತ್ತೇನೆ, ದಹನದ ಲ್ಯಾಬಿನಲ್ಲಿ ಇವುಗಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಹೆಚ್ಚಾಗಿ ಎರಡು ಲೇಸರ್ ವಿಧಾನಗಳು. ಒಂದರಲ್ಲಿ ಲೇಸರ್ ಸ್ಪ್ರೇಯನ್ನು ದಾಟಿ ಹೋಗುತ್ತದೆ. ಸಣ್ಣ ಹನಿ ಬೆಳಕನ್ನು ಅಗಲಕ್ಕೆ ಚೆಲ್ಲುತ್ತದೆ, ದೊಡ್ಡ ಹನಿ ಕಿರಿದಾಗಿ ಚೆಲ್ಲುತ್ತದೆ. ಆಚೆ ಬದಿಯ ಉಂಗುರಾಕಾರದ ಡಿಟೆಕ್ಟರುಗಳು ಅದನ್ನು ಓದಿ ಗಾತ್ರಗಳ ಹಂಚಿಕೆ ಹೇಳುತ್ತವೆ. ಬೇಗ ಆಗುತ್ತದೆ, ಆದರೆ ದಾರಿಯಲ್ಲಿ ಸಿಕ್ಕ ಎಲ್ಲ ಹನಿಗಳ ಒಟ್ಟು ಲೆಕ್ಕ ಅದು.

ಇನ್ನೊಂದು ಫೇಸ್ ಡಾಪ್ಲರ್. ಎರಡು ಲೇಸರ್ ಕಿರಣಗಳು ಒಂದು ಬಿಂದುವಿನಲ್ಲಿ ಅಡ್ಡ ಹಾಯುತ್ತವೆ. ಅಲ್ಲಿ ಹಾದುಹೋಗುವ ಪ್ರತಿ ಹನಿಯೂ ಬೆಳಕನ್ನು ಮಿನುಗಿಸುತ್ತದೆ. ಮಿನುಗಿನ ವೇಗದಿಂದ ಹನಿಯ ವೇಗ ಸಿಗುತ್ತದೆ. ಬೇರೆ ಬೇರೆ ಕೋನದಲ್ಲಿಟ್ಟ ಡಿಟೆಕ್ಟರುಗಳಿಗೆ ಆ ಮಿನುಗು ಎಷ್ಟು ಹಿಂದುಮುಂದಾಗಿ ಬಂತು ಅನ್ನುವುದರಿಂದ ವ್ಯಾಸ ಸಿಗುತ್ತದೆ. 1975ರಲ್ಲಿ ಡರ್ಸ್ಟ್ ಮತ್ತು ಝಾರೆ ಇದರ ದಾರಿ ತೋರಿಸಿದರು, 80ರ ದಶಕದಲ್ಲಿ ಬಚಾಲೋ ಮುಂತಾದವರು ಉಪಕರಣವಾಗಿ ಬೆಳೆಸಿದರು. ಒಂದೊಂದು ಹನಿಯ ವೇಗ, ವ್ಯಾಸ ಎರಡೂ ಒಟ್ಟಿಗೆ ಕೊಡುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಹಾಗಾಗಿ ಕ್ಯಾಮೆರಾವೇ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹನಿ_ಕೆಲಸ:
ಮೇಡಂ, ದೂರದ ಸ್ಪ್ರೇಯಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನಾಝಲಿನ ಹತ್ತಿರ ಒಪ್ಪುವುದಿಲ್ಲ. ಫೇಸ್ ಡಾಪ್ಲರ್‌ಗೆ ಹನಿ ದುಂಡಗಿರಬೇಕು. ಧಾರೆ ಒಡೆಯುವ ಜಾಗದಲ್ಲಿ ಇರುವುದು ಎಳೆಗಳು, ಸೌತೆಕಾಯಿ ಆಕಾರದ ತುಂಡುಗಳು. ಯಂತ್ರ ಅವನ್ನು ತಿರಸ್ಕರಿಸಿ, ದುಂಡಗಿನ ಸಣ್ಣ ಹನಿಗಳನ್ನಷ್ಟೇ ಎಣಿಸಿ, ನೋಡಲು ಚೆಂದದ ಒಂದು ಗ್ರಾಫ್ ಕೊಡುತ್ತದೆ. ಬಿಟ್ಟುಹೋದದ್ದು ಎಷ್ಟು ಅಂತ ಗ್ರಾಫಿನಲ್ಲಿ ಬರೆದಿರುವುದಿಲ್ಲ.

ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. 10 ಮೈಕ್ರಾನಿನ ಸಾವಿರ ಹನಿ, 100 ಮೈಕ್ರಾನಿನ ಒಂದು ಹನಿ. ಸಾವಿರ ಸಣ್ಣ ಹನಿಗಳ ನೀರು ಎಷ್ಟೋ ಆ ಒಂದು ದೊಡ್ಡ ಹನಿಯ ನೀರೂ ಅಷ್ಟೇ. ಸುಮ್ನೆ ಸರಾಸರಿ ತೆಗೆದರೆ 10.1 ಮೈಕ್ರಾನ್. ಒಟ್ಟು ಘನಗಾತ್ರವನ್ನು ಒಟ್ಟು ಮೇಲ್ಮೈಯಿಂದ ಭಾಗಿಸುವ ಸೌಟರ್ ಸರಾಸರಿ ತೆಗೆದರೆ 18.2. ಆ ಒಂದು ದೊಡ್ಡದು ದುಂಡಗಿಲ್ಲ ಅಂತ ಯಂತ್ರ ಬಿಟ್ಟರೆ ಸೌಟರ್ ಸರಾಸರಿ 10ಕ್ಕೆ ಬೀಳುತ್ತದೆ, ಅರ್ಧ ನೀರೇ ಮಾಯ. ಸಾವಿರದ ಒಂದರಲ್ಲಿ ಒಂದೇ ಹನಿ ಬಿಟ್ಟದ್ದಕ್ಕೆ ಇಷ್ಟು.

ಹೊರದೇಶದ_ಕನ್ನಡತಿ:
ಇದು ನಿಜ, ನಾವು ಹೊಸಬರಿಗೆ ಮೊದಲು ಹೇಳುವುದೂ ಇದನ್ನೇ. ಆದರೆ ಕ್ಯಾಮೆರಾಕ್ಕೂ ತನ್ನದೇ ಕುರುಡು ಇದೆ. 10 ಮೈಕ್ರಾನ್ ಪಿಕ್ಸೆಲಿನಲ್ಲಿ 20 ಮೈಕ್ರಾನ್ ಹನಿಯ ವ್ಯಾಸ ಯಾರು ಹೇಳುತ್ತಾರೆ? ದೊಡ್ಡ ಹನಿ ಫೋಕಸ್ಸಿನಿಂದ ಸ್ವಲ್ಪ ಆಚೆ ಇದ್ದರೂ ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ಆ ತಿದ್ದುಪಡಿ ಮಾಡದಿದ್ದರೆ ನಿಮ್ಮ ಲೆಕ್ಕ ದೊಡ್ಡದರ ಕಡೆ ವಾಲುತ್ತದೆ. ಜೊತೆಗೆ ಫೋಟೋ ಒಂದು ಕ್ಷಣದಲ್ಲಿ ಆ ಜಾಗದಲ್ಲಿದ್ದ ಹನಿಗಳನ್ನು ಎಣಿಸುತ್ತದೆ, ಡಾಪ್ಲರ್ ಆ ಬಿಂದುವನ್ನು ದಾಟಿ ಹೋದವನ್ನು ಎಣಿಸುತ್ತದೆ. ಸಣ್ಣ ಹನಿಗಳು ಗಾಳಿಗೆ ಸಿಕ್ಕಿ ನಿಧಾನವಾದ ಕಡೆ ಅವು ಫೋಟೋದಲ್ಲಿ ಗುಂಪಾಗಿರುತ್ತವೆ, ಡಾಪ್ಲರ್‌ನಲ್ಲಿ ಅಷ್ಟು ಇರುವುದಿಲ್ಲ. ಎರಡೂ ಸರಿ ಇದ್ದೂ ಎರಡು ಸಂಖ್ಯೆ ಬರುತ್ತದೆ. ಇದನ್ನು ತಿಳಿಯದೆ ಎರಡು ಪೇಪರುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರು ಬಹಳ.

ಹನಿ_ಕೆಲಸ:
ಒಪ್ಪಿದೆ. ಯಾವ ವಿಧಾನ ಯಾವ ಹನಿಯನ್ನು ಬಿಡುತ್ತದೆ ಅಂತ ಮೊದಲು ಕೇಳಿಕೊಂಡು, ಆಮೇಲೆ ಉಪಕರಣ ಆರಿಸಬೇಕು. ಫೋಟೋದಲ್ಲಿ ಒಂದರ ಹಿಂದೊಂದು ಎರಡು ಮಿಂಚು ಕೊಟ್ಟರೆ ಹನಿಯ ವೇಗ ಸಿಗುತ್ತದೆ. ಆ ವೇಗ ಗೊತ್ತಿದ್ದರೆ ಮೇಡಂ ಹೇಳಿದ ಎರಡನೇ ವ್ಯತ್ಯಾಸವನ್ನು ಸರಿಮಾಡಿಕೊಳ್ಳಬಹುದು.

ಪ್ರಶ್ನೆಗಾರ:
ಡೀಸೆಲ್ ಇಂಜೆಕ್ಟರ್, ರಾಕೆಟ್ ಇಂಜೆಕ್ಟರ್ ಇವುಗಳಲ್ಲಿ ಧಾರೆ ಎಲ್ಲಿ ಒಡೆಯುತ್ತದೆ ಅಂತ ಹೇಗೆ ನೋಡುತ್ತಾರೆ? ಅಲ್ಲಿ ಸುತ್ತ ಹನಿಗಳ ಮೋಡವೇ ಇರುತ್ತದಲ್ಲ.

ಹೊರದೇಶದ_ಕನ್ನಡತಿ:
ಅದೇ ಈ ವಿದ್ಯೆಯ ಅತಿ ಕಷ್ಟದ ಜಾಗ. ಆಗುಂಬೆ ಘಾಟಿಯ ಮಂಜಿನಲ್ಲಿ ಹೆಡ್‌ಲೈಟ್ ಹಾಕಿದರೆ ರಸ್ತೆ ಕಾಣುವ ಬದಲು ಬಿಳಿ ಗೋಡೆ ಕಾಣುತ್ತದಲ್ಲ, ಹಾಗೆ. ಬೆಳಕು ಒಂದು ಹನಿಯಿಂದ ಇನ್ನೊಂದಕ್ಕೆ ಬಡಿದು ಬಡಿದು ದಾರಿ ಮರೆಯುತ್ತದೆ.

ಇದನ್ನು ದಾಟಲು ಹಲವು ದಾರಿಗಳಿವೆ. ಬ್ಯಾಲಿಸ್ಟಿಕ್ ಇಮೇಜಿಂಗ್ ಅಂತ ಒಂದು, ಮಾರ್ಕ್ ಲಿನ್ ಮತ್ತು ಜೊತೆಗಾರರು ಸ್ಪ್ರೇಗಳಿಗೆ ತಂದದ್ದು. ಎಲ್ಲಿಗೂ ಬಡಿಯದೆ ನೇರ ಬಂದ ಬೆಳಕು ಮೊದಲು ಬರುತ್ತದೆ, ಅಲೆದಾಡಿದ್ದು ತಡವಾಗಿ ಬರುತ್ತದೆ. ತಡ ಅಂದರೆ ಪಿಕೋಸೆಕೆಂಡುಗಳಷ್ಟು, ಒಂದು ಪಿಕೋಸೆಕೆಂಡಿನಲ್ಲಿ ಬೆಳಕು ಹೋಗುವುದೇ 0.3 ಮಿ.ಮೀ. ಮೊದಲು ಬಂದದ್ದನ್ನಷ್ಟೇ ಒಳಗೆ ಬಿಟ್ಟು ಬಾಗಿಲು ಹಾಕಬೇಕು. ಆ ಬಾಗಿಲು ಕಾರ್ಬನ್ ಡೈಸಲ್ಫೈಡ್ ತುಂಬಿದ ಒಂದು ಗಾಜಿನ ಕೋಶ, ಅದನ್ನು ತೆರೆಯುವುದು ಇನ್ನೊಂದು ಲೇಸರ್ ಮಿಂಚು. ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ವರ್ಡ್ ಬೆರೋಕಲ್ ಮತ್ತು ತಂಡ 2008ರಲ್ಲಿ ಬೇರೆ ಉಪಾಯ ಮಾಡಿದರು. ಹಾಳೆಯ ಹಾಗೆ ತೆಳ್ಳಗೆ ಹರಡಿದ ಲೇಸರ್ ಬೆಳಕಿನಲ್ಲಿ ಸಣ್ಣ ಸಣ್ಣ ಪಟ್ಟಿಗಳನ್ನು ಮೂಡಿಸಿದರು. ಅಲೆದಾಡಿದ ಬೆಳಕಿಗೆ ಪಟ್ಟಿ ಅಳಿಸಿಹೋಗಿರುತ್ತದೆ, ಹಾಗಾಗಿ ಅದನ್ನು ಗುರುತಿಸಿ ಕಳೆಯಬಹುದು. ಷಿಕಾಗೋ ಹತ್ತಿರದ ಆರ್ಗಾನ್ ಲ್ಯಾಬಿನಲ್ಲಿ ಎಕ್ಸ್‌ರೇಯನ್ನೇ ಬಳಸುತ್ತಾರೆ. ಹನಿಗಳು ಎಕ್ಸ್‌ರೇಯನ್ನು ಬಾಗಿಸುವುದು ತೀರಾ ಕಡಿಮೆ, ಆದ್ದರಿಂದ ಮೋಡದ ಒಳಗೂ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2009ರ ಹೊತ್ತಿಗೆ ಮಾಡಿದ್ದು. ಹೊರಗಿನಿಂದ ಬೆಳಕು ಬಿಡುವ ಬದಲು ನಾಝಲಿನ ಒಳಗಿನಿಂದಲೇ ಧಾರೆಯೊಳಕ್ಕೆ ಲೇಸರ್ ಬಿಟ್ಟರು. ಧಾರೆ ಕಡಿಯದೆ ಇರುವವರೆಗೆ ಬೆಳಕು ಅದರ ಗೋಡೆಗೆ ಬಡಿದು ಒಳಗೇ ಸಾಗುತ್ತದೆ. ನೀರಿಗೆ ಹೊಳೆಯುವ ಬಣ್ಣ ಸೇರಿಸಿದ್ದರೆ ಧಾರೆ ಒಳಗಿನಿಂದ ಉರಿಯುತ್ತದೆ. ಕಡಿದ ಜಾಗದಲ್ಲಿ ಬೆಳಕು ನಿಲ್ಲುತ್ತದೆ. ಸುತ್ತ ಎಷ್ಟೇ ಮೋಡ ಇದ್ದರೂ ಹೊಳೆಯುವ ಭಾಗದ ಉದ್ದವೇ ಒಡೆಯದ ಧಾರೆಯ ಉದ್ದ. ನೀರಿನ ಧಾರೆಯಲ್ಲಿ ಬೆಳಕು ಬಾಗಿ ಹೋಗುವುದನ್ನು ಜಿನೀವಾದಲ್ಲಿ ಕೊಲಡಾನ್ 1840ರ ದಶಕದ ಮೊದಲಲ್ಲೇ ತೋರಿಸಿದ್ದರು. ಅಷ್ಟು ಹಳೆಯ ಆಟ ಇಷ್ಟು ಕಷ್ಟದ ಅಳತೆಗೆ ಒದಗಿತು.

ಕೊನೇವರ್ಷ_ಮೆಕ್ಯಾನಿಕಲ್:
ಮೇಡಂ, ಇದನ್ನು ನನ್ನ ಬಕೆಟ್ ಸೆಟಪ್‌ನಲ್ಲಿ ಮಾಡಬಹುದಾ? ಹಸಿರು ಲೇಸರ್ ಪಾಯಿಂಟರ್ ಇದೆ. ಬಣ್ಣ ಯಾವುದು ಹಾಕಲಿ?

ಹೊರದೇಶದ_ಕನ್ನಡತಿ:
ಸೂಜಿಯ ಒಳಗೆ ನೇರ ಬೆಳಕು ಬಿಡುವುದು ಕಷ್ಟ, ಸೂಜಿ ಉದ್ದ, ಒಳಗೆ ಅರ್ಧ ಮಿ.ಮೀ. ಜಾಗ. ಒಂದು ಪಾರದರ್ಶಕ ಬಾಟಲಿಯ ಗೋಡೆಗೆ 2 ಮಿ.ಮೀ. ತೂತು ಕೊರೆದು, ಎದುರು ಬದಿಯಿಂದ ತೂತಿಗೆ ಲೇಸರ್ ಹಿಡಿಯಿರಿ. ಹಸಿರು ಲೇಸರಿಗೆ ರೋಡಮೈನ್-ಬಿ ಹೊಂದುತ್ತದೆ, ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಕ್ಯಾಮೆರಾದ ಮುಂದೆ ಕಿತ್ತಳೆ ಫಿಲ್ಟರ್ ಇಟ್ಟರೆ ಹಸಿರು ಪೂರ್ತಿ ಹೋಗಿ ಧಾರೆಯ ಹೊಳಪಷ್ಟೇ ಉಳಿಯುತ್ತದೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಹಾಕಬಾರದು ಅಂತ ನಮ್ಮ ಸರ್ಕಾರ ನಿಷೇಧಿಸಿತಲ್ಲ, ಅದೇ ಬಣ್ಣ. ಕೈಗವಸು ಹಾಕಿಕೊಳ್ಳಿ, ಲ್ಯಾಬಿನ ಪಾತ್ರೆಗಳಲ್ಲೇ ಕಲಸಿ, ಚಿಟಿಕೆಯಲ್ಲೂ ಚಿಟಿಕೆ ಸಾಕು. ಉಳಿದ ನೀರನ್ನು ಚರಂಡಿಗೆ ಬಿಡದೆ ಕ್ಯಾನಿನಲ್ಲಿ ಶೇಖರಿಸಿ ಕೆಮಿಸ್ಟ್ರಿ ವಿಭಾಗದವರಿಗೆ ಕೊಡಿ.

ಲೇಸರ್ ವಿಷಯದಲ್ಲಿ ದಯವಿಟ್ಟು ಎಚ್ಚರ. ಪ್ರತಿ ಹನಿಯೂ ಕಿರಣವನ್ನು ಎಲ್ಲ ಕಡೆಗೂ ಎರಚುತ್ತದೆ. ಅಗ್ಗದ ಹಸಿರು ಪಾಯಿಂಟರುಗಳು ಚೀಟಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಪವರ್ ಇರುವುದುಂಟು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಬಿಡುತ್ತವೆ. ಆ ಲೇಸರಿಗೆ ತಕ್ಕ ಕನ್ನಡಕ ಇಲ್ಲದೆ ಶುರು ಮಾಡಬೇಡಿ. ಕಿರಣ ಕಣ್ಣಿನ ಎತ್ತರದಲ್ಲಿ ಇರಬಾರದು, ಅದರ ಕೊನೆಗೆ ಒಂದು ಕಪ್ಪು ಹಲಗೆ ಇರಲಿ.

ಹನಿ_ಕೆಲಸ:
ಮೊದಲು ಎಲ್‌ಇಡಿ ಅಳತೆ ಮುಗಿಸಿ, ಆಮೇಲೆ ಇದಕ್ಕೆ ಹೋಗಿ. ಅದೇ ಬಾಟಲಿ ಧಾರೆಯ ಒಡೆಯುವ ದೂರವನ್ನು ಹಿಂಬೆಳಕಿನ ಚಿತ್ರದಲ್ಲೂ ಅಳೆದಿಟ್ಟುಕೊಳ್ಳಿ, ಇಲ್ಲಿ ಮೋಡ ಇಲ್ಲದ್ದರಿಂದ ಎರಡನ್ನೂ ಹೋಲಿಸಬಹುದು. ಹೊಳೆಯುವ ಉದ್ದ ಸ್ವಲ್ಪ ಕಡಿಮೆಯೇ ಬರುತ್ತದೆ ಅಂತ ನನ್ನ ಎಣಿಕೆ, ಯಾಕೆಂದರೆ ಕುತ್ತಿಗೆಗಳು ಸಣ್ಣಗಾದಂತೆ ಬೆಳಕು ಗೋಡೆಯಿಂದ ಸೋರಿಹೋಗುತ್ತದೆ, ಕೊನೆಯ ಒಂದೆರಡು ಉಬ್ಬುಗಳಿಗೆ ತಲುಪುವುದೇ ಇಲ್ಲ. ಎಷ್ಟು ಕಡಿಮೆ ಬಂತು ಅಂತ ಇಲ್ಲೇ ಹಾಕಿ. ಫೋಟೋಗಳನ್ನು ತಿದ್ದದೆ, ಕುಗ್ಗಿಸದೆ ಹಾಕಿ, ಅಂಚನ್ನು ನಾನೂ ಒಮ್ಮೆ ಅಳೆದು ನೋಡುತ್ತೇನೆ.